ಬೋರ್ಡೋ ಲೆಕ್ಕ: 450 ಅಡಿಕೆ ಮರಕ್ಕೆ 270 ಲೀಟರ್ ಸಾಲಲಿಲ್ಲ, ತಪ್ಪಿದ್ದೆಲ್ಲಿ?

ಪ್ರಶ್ನೆ
ಕೊಳೆರೋಗಕ್ಕೆ 1% ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ, ನೀರು ಕೂಡಿಸಿದ ದ್ರಾವಣ) ಹೊಡೆಸುತ್ತಿದ್ದೇವೆ. ಒಟ್ಟು 450 ಮರ. 200 ಲೀಟರಿನ ಒಂದು ಡ್ರಮ್ 120 ಮರಕ್ಕೆ ಆಗುತ್ತದೆ. 200/120 = 450/x ಎಂದು ಬರೆದು ಅಡ್ಡ ಗುಣಿಸಿದಾಗ 270 ಲೀಟರ್ ಬಂತು, ಅದರಂತೆ 2.7 ಕೆಜಿ ಮೈಲುತುತ್ತ ತಂದೆವು. ಮೊದಲ ಡ್ರಮ್ ಮುಗಿದಿದೆ, 330 ಮರ ಬಾಕಿ ಇವೆ, ಉಳಿದಿರುವುದು 700 ಗ್ರಾಂ. ನೀರು ಜಾಸ್ತಿ ಹಾಕಿ ಸರಿದೂಗಿಸಬಹುದೇ?

ಉತ್ತರ
ಖಂಡಿತ ಬೇಡ. 330 ಮರಕ್ಕೆ 550 ಲೀಟರ್ ಬೇಕು. ಅಷ್ಟು ನೀರಿಗೆ 700 ಗ್ರಾಂ ಹಾಕಿದರೆ ದ್ರಾವಣ 0.13% ಆಗುತ್ತದೆ, ಮಳೆಗಾಲದ ಕೊಳೆ ಅದಕ್ಕೆ ನಿಲ್ಲುವುದಿಲ್ಲ.

ನಿಮ್ಮ ಗುಣಾಕಾರ ಸರಿಯಿದೆ, ಜೋಡಿಸಿದ ಕ್ರಮ ತಪ್ಪಿದೆ. ಎಡಗಡೆ ಲೀಟರ್ ಮೇಲೆ, ಮರ ಕೆಳಗೆ ಇಟ್ಟಿದ್ದೀರಿ. ಬಲಗಡೆ ಮರ ಮೇಲೆ ಹೋಗಿದೆ. ಹಳಬರು ತ್ರೈರಾಶಿ (ಗೊತ್ತಿರುವ ಮೂರು ಅಂಕಿಯಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಲೆಕ್ಕ) ಹಾಕುವಾಗ ಅಂಕಿಯ ಜೊತೆ ಪದಾರ್ಥದ ಹೆಸರನ್ನೂ ಬರೆಯುತ್ತಿದ್ದುದು ಇದಕ್ಕೇ:

200 ಲೀಟರ್ / 120 ಮರ = x ಲೀಟರ್ / 450 ಮರ
x = 200 × 450 ÷ 120 = 750 ಲೀಟರ್

ಲೆಕ್ಕ ಮುಗಿದ ಮೇಲೆ ಒಮ್ಮೆ ಅಂದಾಜು ನೋಡಿ. 450 ಎಂದರೆ 120ರ ಹತ್ತಿರಹತ್ತಿರ ನಾಲ್ಕು ಪಟ್ಟು. ಔಷಧಿಯೂ ನಾಲ್ಕು ಡ್ರಮ್ಮಿನ ಆಸುಪಾಸು ಇರಬೇಕು. 270 ಬಂದಾಗಲೇ ಅನುಮಾನ ಬರಬೇಕಿತ್ತು.

100 ಲೀಟರಿಗೆ 1 ಕೆಜಿಯಂತೆ ಉಳಿದ 550 ಲೀಟರಿಗೆ 5.5 ಕೆಜಿ ಮೈಲುತುತ್ತ. 700 ಗ್ರಾಂ ಇದೆ, 4.8 ಕೆಜಿ ತನ್ನಿ. ಎರಡು ಪೂರ್ತಿ ಡ್ರಮ್, ಆಮೇಲೆ 150 ಲೀಟರ್. ಕೊನೆಯದಕ್ಕೆ 1.5 ಕೆಜಿ ಮೈಲುತುತ್ತವನ್ನು 75 ಲೀಟರಿನಲ್ಲಿ, 1.5 ಕೆಜಿ ಸುಣ್ಣವನ್ನು ಇನ್ನೊಂದು 75 ಲೀಟರಿನಲ್ಲಿ ಕದಡಿ. ಎರಡನ್ನೂ ನೂರೈವತ್ತು ನೂರೈವತ್ತು ಲೀಟರಿನಲ್ಲಿ ಕರಗಿಸಿದರೆ ಕೂಡಿದಾಗ 300 ಲೀಟರಾಗಿ 0.5%ಕ್ಕೆ ಇಳಿಯುತ್ತದೆ. ಈ ತಪ್ಪು ಬಹಳ ಕಡೆ ಆಗುತ್ತದೆ.

ಪ್ರಶ್ನಿಸಿದವರು
ಧನ್ಯವಾದ, ಅರ್ಥವಾಯಿತು. ಇನ್ನೆರಡು. ಉಳಿದ ಮರಗಳಿಗೆ ಒಬ್ಬರೇ ಹೊಡೆದರೆ 4 ದಿನ. ಇಬ್ಬರಿಗೆ ಇದೇ ರೀತಿ ಹಾಕಿದರೆ 8 ದಿನ ಬರುತ್ತಿದೆ! ಮತ್ತೆ, ಸುಣ್ಣ ಸಮಸಮ ಹಾಕಿದ್ದರೂ ಪರೀಕ್ಷೆಗೆಂದು ದ್ರಾವಣದಲ್ಲಿ ಅದ್ದಿದ ಚಾಕು ಕೆಂಪಾಯಿತು.

ಇನ್ನೊಬ್ಬರ ಉತ್ತರ
ಮರ ಹೆಚ್ಚಿದರೆ ಔಷಧಿ ಹೆಚ್ಚುತ್ತದೆ, ಅದು ನೇರ ಅನುಪಾತ. ಆಳು ಹೆಚ್ಚಿದರೆ ದಿನ ಕಡಿಮೆಯಾಗುತ್ತದೆ, ಇದು ವಿಲೋಮ. ಇಲ್ಲಿ ಭಾಗಲಬ್ಧ ಸಮ ಇರುವುದಿಲ್ಲ, ಗುಣಲಬ್ಧ ಸಮ: 1 × 4 = 2 × x, ಅಂದರೆ 2 ದಿನ. ಇಬ್ಬರಿಗೂ ಬೇರೆಬೇರೆ ಪಂಪು, ಪೈಪು ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಸುಣ್ಣ ಮಾತ್ರ ತ್ರೈರಾಶಿಗೆ ಪೂರ್ತಿ ಬಗ್ಗುವುದಿಲ್ಲ. ಚೀಲ ಬಿಚ್ಚಿಟ್ಟ ಸುಣ್ಣ ಗಾಳಿ ಹೀರಿ ಸತ್ವ ಕಳೆದುಕೊಂಡಿರುತ್ತದೆ. ತಕ್ಕಡಿಯಲ್ಲಿ 2 ಕೆಜಿ ತೂಗಿದರೂ ಕೆಲಸ ಅಷ್ಟು ಮಾಡುವುದಿಲ್ಲ. ಚಾಕು ಕೆಂಪಾಯಿತೆಂದರೆ ಬಿಡಿ ತಾಮ್ರ ಉಳಿದು ಕಬ್ಬಿಣಕ್ಕೆ ಅಂಟಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಹಿಂಗಾರ (ಹೂಗೊಂಚಲು) ಸುಡುತ್ತದೆ. ನೀರಿನಲ್ಲಿ ಕದಡಿದ ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪ ಸುರಿದು ಕದಡಿ, ಉಜ್ಜಿ ತೊಳೆದ ಚಾಕುವನ್ನು ಮತ್ತೆ ಒಂದು ನಿಮಿಷ ಅದ್ದಿ. ಬಣ್ಣ ಹಿಡಿಯದಿದ್ದರೆ ಸಾಕು.

ಒಂದು ಡ್ರಮ್ಮಿಗೆ ಹೆಚ್ಚುವರಿ 200 ಗ್ರಾಂ ಸುಣ್ಣ ಹಿಡಿದಿದ್ದರೆ 150 ಲೀಟರಿಗೆ 150 ಗ್ರಾಂ ಎಂದು ಎತ್ತಿಟ್ಟುಕೊಳ್ಳಿ. ಆದರೆ ಚೀಲ ಬದಲಾದರೆ ಆ ಅಂಕಿ ಕೈಬಿಟ್ಟು, ಚಾಕುವಿನಿಂದಲೇ ಹೊಸದಾಗಿ ನೋಡಿ. ಕೂಡಿಸಿದ ದ್ರಾವಣವನ್ನು ಅವತ್ತೇ ಹೊಡೆದು ಮುಗಿಸಿ; ಸಂಜೆಯೊಳಗೆ ಮುಗಿಯುವಷ್ಟನ್ನೇ ಬೆರೆಸಿ.