ಆಷಾಢದಲ್ಲಿ ಕಾವಿಗೆ ಕೂತ ಹೇಂಟೆ: ತತ್ತಿ ಕೂರಿಸುವುದಾ, ಕಾವು ಬಿಡಿಸುವುದಾ?

ಅಂಕೋಲಾ ಹಿತ್ತಲು ಕೇಳಿದ್ದು:

ಗಂಗಾವಳಿ ಹೊಳೆ ಕಡೆಯ ಊರು. ಹಿತ್ತಲಲ್ಲಿ ಐದು ನಾಟಿ ಹೇಂಟೆ, ಮೂರು ಗಿರಿರಾಜ (ಸುಧಾರಿತ ತಳಿ) ಹೇಂಟೆ, ಒಂದು ನಾಟಿ ಹುಂಜ. ನಾಟಿ ಹೇಂಟೆಯೊಂದು ಗೂಡು ಬಿಟ್ಟು ಏಳುತ್ತಿಲ್ಲ. ಕೈ ಹಾಕಿದರೆ ಗರಿ ಕೆದರಿ ಕುಕ್ಕುತ್ತದೆ, ಎದೆಯಡಿಯ ಪುಕ್ಕ ಉದುರಿ ಚರ್ಮ ಕಾಣುತ್ತಿದೆ, ದಿನಕ್ಕೊಮ್ಮೆ ಎದ್ದು ದೊಡ್ಡ ಮುದ್ದೆ ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತದೆ. ಕಾವು ಗಟ್ಟಿಯಾಗಿದೆ ಎನ್ನುವುದರಲ್ಲಿ ಅನುಮಾನ ಇಲ್ಲ.

ಅಡುಗೆಮನೆ ಬುಟ್ಟಿಯಲ್ಲಿ 16 ತತ್ತಿ ಇದೆ, ತೀರಾ ಹಳೆಯದು 12 ದಿನದ್ದು. ಮಳೆ ಹಗಲು ರಾತ್ರಿ ಬಿಡುತ್ತಿಲ್ಲ. ಕಳೆದ ಮಳೆಗಾಲದ ಕಾವಿನಲ್ಲಿ ಪೂರ್ತಿ ಬೆಳೆದ ಮರಿಗಳು ಓಡಿನೊಳಗೇ ಸತ್ತಿದ್ದವು. ಹೊರಬಂದವುಗಳಲ್ಲೂ ಮೂರನೇ ವಾರದ ಹೊತ್ತಿಗೆ ಕೆಂಪು ಭೇದಿ ಬಂತು. ಈಗ ಕೂರಿಸಬಹುದೇ, ಅಥವಾ ಕಾವು ಬಿಡಿಸಿ ನವರಾತ್ರಿ ನಂತರ ನೋಡುವುದು ಒಳ್ಳೆಯದೇ? ಕೂರಿಸುವುದಾದರೆ ಯಾವ ತತ್ತಿ, ಎಷ್ಟು?

ಕುಮಟಾ ಕೋಳಿಗೂಡು:

ನನ್ನ ಮಾತು ಕೇಳಿದರೆ ಈಗ ಬೇಡ. ಕರಾವಳಿಯಲ್ಲಿ ಮರಿ ಮಾಡಿಸಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ಮರಿ ಒಡೆಸುವುದಕ್ಕಿಂತ ಒಡೆದ ಮರಿಯನ್ನು ಒಣಗಿದ ಜಾಗದಲ್ಲಿ ಐದು ವಾರ ಇಟ್ಟುಕೊಳ್ಳುವುದೇ ಕಷ್ಟ. ತುಪ್ಪಳದ ಮರಿ ಒಂದು ಸಲ ನೆನೆದರೆ ಚಳಿ ಹಿಡಿದು ಸಂಜೆಯೊಳಗೆ ಹೋಗುತ್ತದೆ.

ಕಾವು ಬಿಡಿಸುವುದು ಸುಲಭ. ತಳಕ್ಕೆ ತಂತಿಜಾಲರಿ ಇರುವ ಪಂಜರವನ್ನು ನೆಲದಿಂದ ಒಂದೆರಡು ಅಡಿ ಮೇಲೆ, ಬೆಳಕು ಗಾಳಿ ಆಡುವ ಕಡೆ ತೂಗುಹಾಕಿ ಹೇಂಟೆಯನ್ನು ಅದರೊಳಗೆ ಬಿಡಿ. ಹುಲ್ಲು ಹಾಕಬೇಡಿ. ನೀರು, ಕಾಳು ಯಾವಾಗಲೂ ಇರಲಿ. ಹೊಟ್ಟೆಯಡಿಗೆ ಗಾಳಿ ತಾಗಿದರೆ ಮೂರು ನಾಲ್ಕು ದಿನದಲ್ಲಿ ಕಾವು ಇಳಿಯುತ್ತದೆ, ಎರಡು ವಾರ ದಾಟುವಾಗ ತತ್ತಿಗೆ ಬರುತ್ತದೆ. ನೀರಲ್ಲಿ ಮುಳುಗಿಸುವುದು, ಮೂಗಿಗೆ ಗರಿ ಚುಚ್ಚುವುದು ಇವೆಲ್ಲ ಯಾರು ಹೇಳಿದರೂ ಮಾಡಬೇಡಿ. ಈ ಥಂಡಿಯಲ್ಲಿ ನೆನೆದ ಹೇಂಟೆಗೆ ಶೀತ ಹಿಡಿದರೆ ಇದ್ದದ್ದೂ ಹೋಯಿತು.

ಶಿರಸಿ ಘಟ್ಟದ ಮೇಲಿಂದ:

ಕುಮಟಾದವರು ಹೇಳಿದ್ದು ಸರಿ, ಆದರೆ ಒಣ ಕೋಣೆ ಒಂದಿದ್ದರೆ ಈಗಲೂ ಆಗುತ್ತದೆ. ಹಳೇ ಕೊಟ್ಟಿಗೆಯ ಮೂಲೆ, ಸೌದೆ ಮನೆ, ಬಚ್ಚಲೊಲೆಯ ಹಿಂದಿನ ಗೋಡೆ ಸಾಕು. ಅಂಥ ಜಾಗ ಇಲ್ಲದಿದ್ದರೆ ಅವರ ಮಾತಿನಂತೆ ಪಂಜರವೇ ಸರಿ.

ಮೊದಲು ತತ್ತಿ. 16ರಲ್ಲಿ ಏಳು ದಿನದೊಳಗಿನವನ್ನು ಮಾತ್ರ ಆರಿಸಿ. ಹತ್ತು ದಿನ ದಾಟಿದ್ದನ್ನು ಸಾರಿಗೆ ಹಾಕಿ, ಅದರಲ್ಲಿ ಮರಿಯಾದರೂ ತಡವಾಗಿ, ಬಲವಿಲ್ಲದೆ ಬರುತ್ತದೆ. ಫ್ರಿಜ್ಜಿನಲ್ಲಿದ್ದದ್ದು ಬೇಡ. ತೀರಾ ಉದ್ದ, ತೀರಾ ಗುಂಡು, ಓಡು ತೆಳು ಇರುವುದು, ಸೀಳು ಬಿಟ್ಟದ್ದು ಬೇಡ. ಹಿಕ್ಕೆ ಮೆತ್ತಿದ ತತ್ತಿಯನ್ನು ತೊಳೆದು ಇಡುವವರಿದ್ದಾರೆ. ತೊಳೆದರೆ ಓಡಿನ ಮೇಲಿನ ರಕ್ಷಣೆಯ ಪದರ ಹೋಗಿ ರಂಧ್ರಗಳ ಮೂಲಕ ಕೊಳೆ ಒಳಗಿಳಿಯುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿ ಹೋದರೆ ಸರಿ, ಹೋಗದಿದ್ದರೆ ಅದನ್ನು ಕಾವಿಗೆ ಬಿಡಬೇಡಿ. ಇನ್ನು ಮುಂದೆ ಕೂಡಿಡುವಾಗ ಚೂಪು ತುದಿ ಕೆಳಗೆ, ಮೊಂಡು ತುದಿ ಮೇಲೆ ಇರಲಿ.

ನಾಟಿ ತತ್ತಿ 40–45 ಗ್ರಾಂ ಇರುತ್ತದೆ, ಒಂದು ನಾಟಿ ಹೇಂಟೆಗೆ 10ರಿಂದ 12 ಹಿಡಿಯುತ್ತದೆ. ಮಳೆಗಾಲದಲ್ಲಿ 9 ಸಾಕು. ಗಿರಿರಾಜದ ತತ್ತಿ ದೊಡ್ಡದು, ಅದಾದರೆ 8. ಹೇಂಟೆ ಕೂತಾಗ ಅಂಚಿನ ತತ್ತಿಯೊಂದು ರೆಕ್ಕೆಯಾಚೆ ಕಂಡರೆ ಜಾಸ್ತಿಯಾಗಿದೆ ಎಂದೇ ಲೆಕ್ಕ. ಅದು ತತ್ತಿಗಳನ್ನು ದಿನವೂ ಹೊರಳಿಸಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡುತ್ತಿರುತ್ತದೆ. ಹಾಗಾಗಿ ಒಂದು ತತ್ತಿ ಹೆಚ್ಚಾದರೆ ತಣ್ಣಗಾಗುವುದು ಆ ಒಂದೇ ಅಲ್ಲ, ಸರದಿಯಲ್ಲಿ ಎಲ್ಲವೂ.

ಇನ್ನು ಓಡಿನೊಳಗೆ ಸತ್ತ ಮರಿ. ಕಾವಿನಲ್ಲಿ ತತ್ತಿಯ ನೀರಿನಂಶ ಓಡಿನ ಮೂಲಕ ಆರುತ್ತಾ ಹೋಗಬೇಕು, ಆಗ ಮೊಂಡು ತುದಿಯ ಗಾಳಿಕೋಣೆ ದೊಡ್ಡದಾಗುತ್ತದೆ. 18ನೇ ದಿನಕ್ಕೆ ತೂಕದಲ್ಲಿ ಶೇ. 12ರಷ್ಟು ಇಳಿಯಬೇಕು, ಎಂದರೆ 45 ಗ್ರಾಮಿನದು ಸುಮಾರು 39.5 ಗ್ರಾಮಿಗೆ. ಮರಿ ಮೊದಲು ಕೊಕ್ಕು ತೂರಿಸಿ ಉಸಿರೆಳೆಯುವುದು ಆ ಗಾಳಿಕೋಣೆಗೆ. ಗೂಡು ಒದ್ದೆಯಾಗಿದ್ದರೆ ನೀರು ಆರುವುದಿಲ್ಲ, ಕೋಣೆ ಚಿಕ್ಕದಾಗಿ ಉಳಿಯುತ್ತದೆ. ಮರಿ ಊದಿಕೊಂಡು ತಿರುಗಲು ಜಾಗವಿಲ್ಲದೆ ಅಲ್ಲೇ ಮುಗಿಯುತ್ತದೆ. ಆದ್ದರಿಂದ ಕೊನೆಯ ಮೂರು ದಿನ ತತ್ತಿಗೆ ನೀರು ಚಿಮುಕಿಸಿ ಎನ್ನುವ ಸಲಹೆ ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಅಲ್ಲವೇ ಅಲ್ಲ. ಘಟ್ಟದ ಮೇಲೆ ಜನವರಿಯ ಒಣಗಾಳಿಯಲ್ಲಿ ಬೇಕಾದರೆ ಬುಟ್ಟಿಯ ತಳದ ಮಣ್ಣನ್ನು ಸ್ವಲ್ಪ ತೇವ ಮಾಡಬಹುದು, ತತ್ತಿಯನ್ನಲ್ಲ.

ಅದೊಂದೇ ಕಾರಣ ಅಂತಲೂ ಅಲ್ಲ. ಬರೀ ಅನ್ನ, ತೌಡು ತಿನ್ನುವ ಹೇಂಟೆಯ ತತ್ತಿಯಲ್ಲಿ ಜೀವಸತ್ವ ಸಾಲದೆ ಮರಿ ಕೊನೆಯ ವಾರ ಸಾಯುವುದಿದೆ. ನುಗ್ಗೆ ಸೊಪ್ಪನ್ನೋ ಅಜೋಲಾವನ್ನೋ (ನೀರಲ್ಲಿ ತೇಲುವ ಪುಟ್ಟ ಜರಿಗಿಡ) ದಿನಕ್ಕೊಂದು ಹಿಡಿಯಂತೆ ತತ್ತಿ ಇಡುವ ಎಲ್ಲ ಹೇಂಟೆಗಳಿಗೂ ಈಗಿಂದಲೇ ಕೊಡಿ.

ಕುಮಟಾ ಕೋಳಿಗೂಡು:

ಕೂರಿಸುವುದೇ ಹೌದಾದರೆ ಗೂಡು ಮತ್ತು ಇರುವೆ ವಿಷಯ ಹೇಳುತ್ತೇನೆ, ನಮ್ಮ ಕಡೆ ಹೆಚ್ಚು ಮರಿ ಹೋಗುವುದು ಅದರಿಂದಲೇ.

ಬುಟ್ಟಿ ಒಂದೂಕಾಲು ಅಡಿ ಅಗಲ, ಅರ್ಧ ಅಡಿ ಆಳ. ಇದಕ್ಕಿಂತ ಆಳವಾದರೆ ಹೇಂಟೆ ಮೇಲಿಂದ ಹಾರಿ ತತ್ತಿ ಮೇಲೆಯೇ ಇಳಿಯುತ್ತದೆ. ತಳಕ್ಕೆ ಎರಡು ಇಂಚು ಒಣ ಮರಳು ಮತ್ತು ಒಲೆಬೂದಿ, ಅದರ ಮೇಲೆ ಒಣ ಬತ್ತದ ಹುಲ್ಲನ್ನು ಗೇಣುದ್ದ ತುಂಡು ಮಾಡಿ ಹಾಕಿ. ಉದ್ದ ಹುಲ್ಲು ಹಾಕಿದರೆ ಕಾಲಿಗೆ ಸಿಕ್ಕಿ ಏಳುವಾಗ ತತ್ತಿ ಹೊರಗೆ ಉರುಳುತ್ತದೆ. ಹುಲ್ಲಿಗೆ ಬೂಸಲು ವಾಸನೆ ಇದ್ದರೆ ಬಳಸಬೇಡಿ. ಮಧ್ಯ ಸ್ವಲ್ಪ ತಗ್ಗು ಮಾಡಿ, ತೀರಾ ತಗ್ಗಾದರೆ ತತ್ತಿ ಒಂದರ ಮೇಲೊಂದು ಕೂರುತ್ತದೆ.

ಮರಿ ಓಡು ಕುಟ್ಟಿದ ಕೂಡಲೇ ಆ ಹಸಿ ವಾಸನೆಗೆ ಇರುವೆ ಬರುತ್ತದೆ, ಹೇಂಟೆ ಮೈಕೆಳಗೇ ಮರಿಯನ್ನು ಕಚ್ಚಿ ಕೊಲ್ಲುತ್ತದೆ. ಬುಟ್ಟಿಯನ್ನು ನಾಲ್ಕು ಕಾಲಿನ ಮಣೆ ಮೇಲಿಟ್ಟು ಪ್ರತಿ ಕಾಲಿನ ಕೆಳಗೂ ನೀರು ತುಂಬಿದ ಗೆರಟೆ (ತೆಂಗಿನ ಕರಟ) ಇಡಿ. ಮಣೆ ಗೋಡೆಗೆ ತಾಗಿರಬಾರದು, ಒಂದು ಹುಲ್ಲುಕಡ್ಡಿಯೂ ನೆಲಕ್ಕೆ ಇಳಿದಿರಬಾರದು. ಅರಿಶಿನದ ಗೆರೆ ಎಳೆದರೆ ಈ ಹಸಿ ಹವೆಯಲ್ಲಿ ಒಂದು ರಾತ್ರಿ ತಡೆಯುವುದಿಲ್ಲ.

ಕೂರಿಸುವ ಮೊದಲು ಹೇನು ನೋಡಿ. ಗುದದ ಸುತ್ತ, ರೆಕ್ಕೆಯಡಿ ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಂಡರೆ ಅವೇ ಹೇನಿನ ಮೊಟ್ಟೆ. ಹೇನು ಕಡಿಯುವ ಹೇಂಟೆ ಪದೇ ಪದೇ ಏಳುತ್ತದೆ, ತತ್ತಿ ತಣಿಯುತ್ತದೆ. ಮಳೆಗಾಲದಲ್ಲಿ ಅದಕ್ಕೆ ಹೊರಳಾಡಲು ಒಣ ಮಣ್ಣೇ ಸಿಗುವುದಿಲ್ಲ. ಮಾಡಿನ ಅಡಿ ಒಂದು ಅಗಲ ಬುಟ್ಟಿಯಲ್ಲಿ ಒಣ ಮರಳು, ಬೂದಿ ಸಮ ಸಮ ಬೆರೆಸಿ ಇಡಿ.

ಅಂಕೋಲಾ ಹಿತ್ತಲು:

ಸೌದೆ ಮನೆ ಒಣಗಿಯೇ ಇದೆ, ಅಲ್ಲಿ ಕೂರಿಸುತ್ತೇನೆ. ಈಗ ಅದು ಕೂತಿರುವುದು ಎಲ್ಲ ಹೇಂಟೆಗಳೂ ತತ್ತಿ ಇಡುವ ಗೂಡಿನಲ್ಲಿ. ಜಾಗ ಬದಲಿಸಿದರೆ ಕಾವು ಬಿಡುವುದಿಲ್ಲವೇ? ಫಲವಾಗದ ತತ್ತಿ ಗುರುತಿಸುವುದು ಎಷ್ಟನೇ ದಿನ? ಕೆಂಪು ಭೇದಿಗೆ ಏನು ಮುಂಜಾಗ್ರತೆ?

ಶಿರಸಿ ಘಟ್ಟದ ಮೇಲಿಂದ:

ಬದಲಿಸಲೇಬೇಕು. ಅಲ್ಲೇ ಬಿಟ್ಟರೆ ಉಳಿದವು ದಿನಾ ಬಂದು ಅದರ ಪಕ್ಕ ತತ್ತಿ ಇಟ್ಟು ಹೋಗುತ್ತವೆ, ಮರಿ ಬೇರೆ ಬೇರೆ ದಿನ ಒಡೆಯುತ್ತದೆ, ಮೊದಲ ಮರಿ ಹಿಂದೆ ಹೇಂಟೆ ಎದ್ದು ಹೋದರೆ ಮಿಕ್ಕಿದ್ದು ವ್ಯರ್ಥ. ಕತ್ತಲಾದ ಮೇಲೆ ಎರಡೂ ಕೈಯಲ್ಲಿ ಎತ್ತಿ ಹೊಸ ಬುಟ್ಟಿಯಲ್ಲಿ ಎರಡು ಬೇಡದ ತತ್ತಿ ಮೇಲೆ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಮುಚ್ಚಿ. ಎರಡು ದಿನ ಅಲ್ಲೇ ಗಟ್ಟಿಯಾಗಿ ಕೂತರೆ ಮೂರನೇ ರಾತ್ರಿ ಆರಿಸಿದ ತತ್ತಿ ಎಲ್ಲವನ್ನೂ ಒಂದೇ ಸಲ ಇಟ್ಟು ಹಳೆಯ ಎರಡನ್ನು ತೆಗೆಯಿರಿ. ಪ್ರತಿ ತತ್ತಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಪೆನ್ನಿನ ಶಾಯಿ ಬೇಡ. ದಿನಕ್ಕೊಮ್ಮೆ ಎಬ್ಬಿಸಿ 15–20 ನಿಮಿಷ ಹೊರಗೆ ಬಿಡಿ: ಕಾಳು, ನೀರು, ಬೂದಿಸ್ನಾನ, ಹಿಕ್ಕೆ. ತಾನಾಗಿ ಏಳದ ಹೇಂಟೆ ಸೊರಗಿ ಗೂಡಿನಲ್ಲೇ ಸಾಯುವುದೂ ಉಂಟು.

ಸೋಮವಾರ ರಾತ್ರಿ ಇಟ್ಟರೆ 21 ದಿನ ಕಳೆದು ಸೋಮವಾರ ಒಡೆಯಬೇಕು, ಒಂದು ದಿನ ಹಿಂದೆ ಮುಂದೆ.

ಏಳನೇ ರಾತ್ರಿ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ರಟ್ಟಿನ ತುಂಡಿಟ್ಟು, ಅದಕ್ಕೆ ಎಂಟಾಣೆ ಅಗಲದ ತೂತು ಮಾಡಿ, ಮೊಂಡು ತುದಿಯನ್ನು ಅದಕ್ಕೆ ತಾಗಿಸಿ ಹಿಡಿಯಿರಿ. ಮರಿ ಕಟ್ಟಿದ್ದರೆ ಕಪ್ಪು ಚುಕ್ಕೆಯೊಂದರಿಂದ ಜೇಡನ ಬಲೆಯಂತೆ ಕೆಂಪು ನರ ಹರಡಿರುತ್ತದೆ, ತತ್ತಿಯನ್ನು ಮೆಲ್ಲ ತಿರುಗಿಸಿದರೆ ಆ ಚುಕ್ಕೆ ತೇಲುತ್ತದೆ. ಪೂರ್ತಿ ತಿಳಿಯಾಗಿ ಹಳದಿ ಬೆಳಕು ಬಂದರೆ ಫಲವಾಗಿಲ್ಲ. ಒಳಗೆ ತೆಳ್ಳಗಿನ ಕೆಂಪು ಉಂಗುರ ಮಾತ್ರ ಕಂಡರೆ ಮರಿ ಮೊದಲ ದಿನಗಳಲ್ಲೇ ಸತ್ತಿದೆ. ಕೊನೆಯ ಎರಡು ಬಗೆಯನ್ನೂ ತೆಗೆಯಿರಿ. ಗಿರಿರಾಜದ ಕಂದು ಓಡಿನಲ್ಲಿ ಏಳನೇ ದಿನಕ್ಕೆ ಸ್ಪಷ್ಟ ಕಾಣುವುದಿಲ್ಲ, ಅನುಮಾನ ಇದ್ದದ್ದನ್ನು ಹತ್ತನೇ ದಿನಕ್ಕೆ ಬಿಡಿ. 14ನೇ ದಿನ ಇನ್ನೊಮ್ಮೆ ನೋಡಿ. 18ರ ನಂತರ ಮುಟ್ಟಬೇಡಿ, ಆಗ ಮರಿ ಕೊಕ್ಕನ್ನು ಗಾಳಿಕೋಣೆಯ ಕಡೆ ತಿರುಗಿಸಿಕೊಳ್ಳುವ ಹೊತ್ತು.

ಓಡಿಗೆ ತೂತು ಬಿದ್ದು ಹನ್ನೆರಡು ತಾಸಾದರೂ ಮರಿ ಹೊರಗೆ ಬರದಿದ್ದರೆ ಜನ ಉಗುರಿನಲ್ಲಿ ಬಿಡಿಸಲು ಹೋಗುತ್ತಾರೆ. ಆ ಹೊತ್ತಿಗೆ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಒಳಪೊರೆಯ ನರದಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಒಂದು ದಿನ ಪೂರ್ತಿ ಕಾಯಿರಿ. ಹೊಟ್ಟೆಯಲ್ಲಿ ಆ ಹಳದಿ ಇರುವುದರಿಂದಲೇ ಒಡೆದ ಮರಿಗೆ ಎರಡು ದಿನ ಆಹಾರ ಸಿಗದಿದ್ದರೂ ಏನೂ ಆಗುವುದಿಲ್ಲ.

ಹೊನ್ನಾವರ ಪಶುಪಾಲಕ:

ಕೆಂಪು ಭೇದಿಗೆ ಕಾರಣ ಕಾಕ್ಸಿಡಿಯಾ ಎಂಬ ಕರುಳಿನ ರೋಗಾಣು. ಹಿಕ್ಕೆಯಲ್ಲಿ ಬಿದ್ದ ಅದರ ಬೀಜಕ್ಕೆ ತೇವ, ಸೆಕೆ ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹಚ್ಚುವ ಸ್ಥಿತಿಗೆ ಬರುತ್ತದೆ. ಒಣಗಿದ ಜಾಗದಲ್ಲಿ ಅದು ಸುಲಭವಾಗಿ ಬೆಳೆಯುವುದಿಲ್ಲ. ಆದ್ದರಿಂದ ನೆಲಕ್ಕೆ ಎರಡು ಮೂರು ಇಂಚು ಬತ್ತದ ಹೊಟ್ಟು ಹಾಕಿ, ದಿನಾ ಕೆದಕಿ, ನೀರಿನ ಪಾತ್ರೆ ಸುತ್ತಲಿನ ಒದ್ದೆಯನ್ನು ಅದೇ ದಿನ ತೆಗೆದು ಹೊಸದು ಹಾಕಿ. ಪಾತ್ರೆ ಆಳ ಇಲ್ಲದ್ದಾಗಿರಲಿ, ಒಳಗೆ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ, ಹೊರಗೂ ಚೆಲ್ಲುವುದಿಲ್ಲ.

ಮರಿ ಗರಿ ಉಬ್ಬಿಸಿ ಮೂಲೆಯಲ್ಲಿ ನಿಂತು ಹಿಕ್ಕೆಯಲ್ಲಿ ರಕ್ತ ಕಂಡರೆ ಆಂಪ್ರೋಲಿಯಂ ಎಂಬ ಔಷಧಿ ಕೊಡಿ. ಶೇ. 20ರ ಪುಡಿಯಾದರೆ ಒಂದು ಲೀಟರ್ ನೀರಿಗೆ 1.2 ಗ್ರಾಂ, ಐದು ದಿನ, ಬೇರೆ ನೀರು ಇಡಬಾರದು. ಪೊಟ್ಟಣದ ಮೇಲೆ ಶೇಕಡಾ ಎಷ್ಟೆಂದು ನೋಡಿಯೇ ಅಳೆಯಿರಿ. ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡಬೇಡಿ. ಆ ರೋಗಾಣುವಿಗೆ ಬಿ1 ಸಿಗದಂತೆ ತಡೆಯುವುದೇ ಈ ಔಷಧಿಯ ಕೆಲಸ, ಟಾನಿಕ್ ಕೊಟ್ಟರೆ ಮದ್ದು ಹಿಡಿಯುವುದಿಲ್ಲ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ. ಏಳನೇ ದಿನ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ, 28ನೇ ದಿನ ಮತ್ತೊಮ್ಮೆ, ಎಂಟನೇ ವಾರ ಆರ್2ಬಿ ಲಸಿಕೆ ಚರ್ಮದಡಿ ಅರ್ಧ ಮಿಲಿ. ಬಾಟಲಿ ದೊಡ್ಡದು, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹಾಗಾಗಿ ಕೇರಿಯ ನಾಲ್ಕಾರು ಮನೆಯವರು ಒಂದೇ ದಿನ ಹಾಕಿಸಿಕೊಳ್ಳಿ. ದನದ ಆಸ್ಪತ್ರೆಯಿಂದ ತರುವಾಗ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ತನ್ನಿ, ಬಿಸಿಲು ತಾಗಿದ ಲಸಿಕೆ ಹಾಕಿದರೂ ಹಾಕದಂತೆಯೇ.

ಕಾರವಾರ ಬಂದರು ಬದಿ:

ಆಹಾರದ ಬಗ್ಗೆ ಯಾರೂ ಹೇಳಲಿಲ್ಲ. ಮೊದಲ ಆರು ವಾರಕ್ಕೆ ಶೇ. 20ರಷ್ಟು ಪ್ರೋಟೀನ್ ಬೇಕು. ಅಂಗಡಿಯ ಸ್ಟಾರ್ಟರ್ (ಮರಿಗಳ ಸಿದ್ಧ ಆಹಾರ) ಸಿಗದಿದ್ದರೆ ಹತ್ತು ಕಿಲೋಗೆ ನುಚ್ಚಕ್ಕಿ 5 ಕಿಲೋ, ಶೇಂಗಾ ಹಿಂಡಿ 3, ತೌಡು 1, ಮೀನಿನ ಪುಡಿ 800 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ. ಮಳೆಗಾಲದಲ್ಲಿ ಹಿಂಡಿ ಹತ್ತು ದಿನಕ್ಕಾಗುವಷ್ಟೇ ತನ್ನಿ. ಬೂಸಲು ಬಂದ ಹಿಂಡಿಯ ವಿಷ ಮರಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ, ಒಣಗಿಸಿದರೂ ಹುರಿದರೂ ಹೋಗುವುದಿಲ್ಲ.

ಮೀನಿನ ಪುಡಿ ಎಂದ ಕೂಡಲೇ ಮನೆಯ ಉಪ್ಪುಮೀನು ಕುಟ್ಟಿ ಹಾಕಬೇಡಿ ಮಾರಾಯ್ರೆ. ಉಪ್ಪು ಹೆಚ್ಚಾದರೆ ಮರಿ ನೀರು ಕುಡಿಯುತ್ತಲೇ ಇರುತ್ತದೆ, ನೀರು ಭೇದಿಯಾಗಿ ಹೊಟ್ಟೆ ಊದಿ ಸಾಯುತ್ತದೆ. ಉಪ್ಪು ಹಾಕದೆ ಒಣಗಿಸಿದ ಮೀನು ಬೇಕು, ಇಲ್ಲದಿದ್ದರೆ ತಾರ್ಲೆ (ಬೂತಾಯಿ) ಮೀನಿನ ತಲೆ ಬಾಲ ಬೇಯಿಸಿ ಮುಳ್ಳು ಸಮೇತ ಅರೆದು ಅದೇ ದಿನ ಕೊಡಿ. ಬೆಳಚಿನ (ಹೊಳೆ-ಕಡಲಿನ ಚಿಪ್ಪುಜೀವಿ) ಚಿಪ್ಪು ಕುಟ್ಟಿದ ರವೆ ಒಳ್ಳೆಯದು, ಆದರೆ ತತ್ತಿ ಇಡುವ ಹೇಂಟೆಗೆ ಮಾತ್ರ. ಮರಿಗೆ ಅಷ್ಟು ಸುಣ್ಣದ ಅಂಶ ಹೋದರೆ ಮೂತ್ರಪಿಂಡ ಕೆಡುತ್ತದೆ.

ಸೌದೆ ಮನೆ ಎಂದಿರಿ, ಅಲ್ಲಿ ಇಲಿ ಹಿಂದೆ ಕೇರೆಹಾವು ಬರುತ್ತದೆ. ಕೋಳಿಜಾಲರಿಯ ಒಂದಿಂಚಿನ ಕಣ್ಣಿನಲ್ಲಿ ಹಾವು ನುಸುಳುತ್ತದೆ, ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿ. ಮುಂಗುಸಿ ಅಡಿಯಿಂದ ಅಗೆಯುವುದರಿಂದ ಜಾಲರಿಯ ಅಂಚನ್ನು ಹೊರಕ್ಕೆ ಒಂದಡಿ ಮಡಚಿ ಮಣ್ಣು ಮುಚ್ಚಿ.

ಶಿರಸಿ ಘಟ್ಟದ ಮೇಲಿಂದ:

ಅಡಿಕೆ ತೋಟ ಪಕ್ಕ ಇರುವವರಿಗೆ ಒಂದು ಮಾತು. ಈಗ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಮೈಲುತುತ್ತ ಕಲಸಿದ ಡ್ರಮ್ಮಿನ ಸುತ್ತ, ಮರದ ಬುಡದಲ್ಲಿ ನಿಂತ ನೀಲಿ ನೀರು ಕುಡಿದರೆ ಮರಿ ಉಳಿಯುವುದಿಲ್ಲ. ಹೊಡೆದ ದಿನ, ಮರುದಿನ ತಾಯಿಕೋಳಿಯನ್ನು ಮರಿ ಸಮೇತ ಒಳಗೇ ಇಡಿ.

23ನೇ ದಿನಕ್ಕೂ ಒಡೆಯದ ತತ್ತಿಯನ್ನು ಮನೆಯೊಳಗೆ ಒಡೆದು ನೋಡಬೇಡಿ, ಕೊಳೆತದ್ದು ಸಿಡಿಯುತ್ತದೆ. ಹಿತ್ತಲಾಚೆ ಆಳವಾಗಿ ಹೂಳಿ. ತಾಯಿಯಿಂದ ಮರಿ ಬಿಡಿಸುವುದು ಬೇಸಿಗೆಯಲ್ಲಾದರೆ ಐದನೇ ವಾರ, ಈ ಮಳೆಯಲ್ಲಿ ಏಳನೇ ವಾರದವರೆಗೂ ಬೇಡ.