300ರಲ್ಲಿ ಒಂದು: ಬ್ರುಟಾಲೆ ಸೀರಿಯೆ ಓರೋಗೆ ಕೊಡುವ ದುಡ್ಡು ನಂಬರಿಗಾ, ಬೈಕಿಗಾ?

ಕೆರೆದಂಡೆ (ವಾರೆಸೆ, ಇಟಲಿ)
ಕಳೆದ ಭಾನುವಾರ ವಾರೆಸೆ ಸರೋವರದ ದಡದಲ್ಲಿ, ಸ್ಕಿರಾನ್ನಾದಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದೆ. ಬೈಕ್ ಮಾಡುವ ಎಂವಿ ಅಗಸ್ಟಾ ಕಂಪನಿಯ ಫ್ಯಾಕ್ಟರಿ ಇರುವುದು ಇಲ್ಲೇ. ಪಕ್ಕಕ್ಕೆ ಒಂದು ಬೈಕ್ ಬಂದು ನಿಂತಿತು. ನೋಡಿದರೆ ಎಂವಿಯದೇ ಬ್ರುಟಾಲೆ 1000 ಸೀರಿಯೆ ಓರೋ, ಅಂದರೆ ಚಿನ್ನದ ಸರಣಿ! 2018ರ ಕೊನೆಯಲ್ಲಿ ಮಿಲಾನ್ ಷೋನಲ್ಲಿ ತೋರಿಸಿದ್ದು, ಮಾಡಿದ್ದು ಬರೀ 300. 998 ಸಿಸಿ, ಸಾಲಾಗಿ ನಾಲ್ಕು ಸಿಲಿಂಡರ್, 208 ಎಚ್‌ಪಿ. ಮುಂದೆ ಗಾಳಿ ತಡೆಯೋಕೆ ಫೇರಿಂಗ್ ಇಲ್ಲ, ಅಗಲ ಹ್ಯಾಂಡಲ್, ಅಷ್ಟೇ.

ನಾನು ಬಗ್ಗಿ ನೋಡಿದ್ದು ರೇಡಿಯೇಟರ್. ತುಂಬಾ ಹುಳ ಬಡಿದು ಒಣಗಿದ್ದವು. ಕಾರ್ಬನ್ ವೀಲ್ ಮೇಲೆ ಬ್ರೇಕಿನ ಕಪ್ಪು ಪುಡಿ. ಓನರ್‌ಗೆ ಅರವತ್ತರ ಹತ್ತಿರ ವಯಸ್ಸು. ಹೆಲ್ಮೆಟ್ ತೆಗೆದು ಕಾಫಿ ಕೇಳಿದರು.

ಇಲ್ಲಿನ ನನ್ನ ಗೆಳೆಯರೆಲ್ಲ ಹೇಳೋದು ಒಂದೇ: ಲಿಮಿಟೆಡ್ ಎಡಿಷನ್ ಅಂದರೆ ಇದು ಎಷ್ಟನೇ ಬೈಕು ಅಂತ ಕೆತ್ತಿದ ನಂಬರಿಗೆ ದುಡ್ಡು. ನನಗೆ ಹಾಗನ್ನಿಸಲ್ಲ. ಒಂದು ಸಣ್ಣ ಫ್ಯಾಕ್ಟರಿ ಖರ್ಚಿನ ಲೆಕ್ಕ ನೋಡದೆ ತನ್ನ ಕೈಲಾದದ್ದನ್ನೆಲ್ಲ ಹಾಕೋದು ಆ ಮೊದಲ 300 ಬೈಕಿನಲ್ಲೇ. ನೀವೇನಂತೀರಿ?

ಘಾಟಿ_ಸವಾರ
ಬೈಕ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2020ಕ್ಕೆ ಬ್ರುಟಾಲೆ 1000 ಆರ್‌ಆರ್ ಬಂತಲ್ಲ? ಅದೇ ಎಂಜಿನ್, ಅದೇ 208 ಎಚ್‌ಪಿ, ಅದೇ ಓಲಿನ್ಸ್ ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಬ್ರೇಕು ಅದೇ ಬ್ರೆಂಬೊ ಸ್ಟೈಲಿಮಾ. ಓಡಿಸೋ ಆಸೆ ಇದ್ದವರು ಆರ್‌ಆರ್ ತಗೋತಾರೆ. ಇಟ್ಟುಕೊಳ್ಳೋ ಆಸೆ ಇದ್ದವರು ಓರೋ ತಗೋತಾರೆ.

ಸ್ಪ್ಯಾನರ್_12
ಅಣ್ಣ, ಒಂದು ವ್ಯತ್ಯಾಸ ಬಿಟ್ರಿ. ವೀಲ್. ಆರ್‌ಆರ್‌ಗೆ ಅಲ್ಯೂಮಿನಿಯಂ, ಓರೋಗೆ ಕಾರ್ಬನ್. ಗ್ಯಾರೇಜಿನಲ್ಲಿ ದಿನಾ ವೀಲ್ ಬಿಚ್ಚಿ ಹಾಕೋನು ನಾನು, ಅದಕ್ಕೇ ಹೇಳ್ತಿದೀನಿ. ಟ್ಯಾಂಕಿನಲ್ಲಿ ಒಂದು ಕೆಜಿ ಕಮ್ಮಿ ಆದರೆ ಗೊತ್ತೇ ಆಗಲ್ಲ. ವೀಲಿನ ಅಂಚಲ್ಲಿ ಒಂದು ಕೆಜಿ ಕಮ್ಮಿ ಆದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ. ತಿರುಗೋ ತೂಕ ಬೈಕನ್ನ ಇದ್ದ ಹಾಗೇ ಇಡೋಕೆ ನೋಡುತ್ತೆ. ಎಡಕ್ಕೆ ಮಲಗಿಸಿ ತಕ್ಷಣ ಬಲಕ್ಕೆ ಹಾಕಬೇಕಾದರೆ ಆ ತೂಕದ ಜೊತೆ ಗುದ್ದಾಡಬೇಕು. ಬ್ರೇಕ್ ಹಿಡಿದಾಗ ನಿಲ್ಲಿಸಬೇಕಾದ್ದೂ ಅದನ್ನೇ. ಗುಂಡಿ ಬಂದಾಗ ಸ್ಪ್ರಿಂಗ್ ಎತ್ತಬೇಕಾದ್ದೂ ಅದನ್ನೇ.

ಕೈಯಲ್ಲಿ ನೋಡಬೇಕಾ? ಸೈಕಲ್ ವೀಲನ್ನ ಆಕ್ಸಲ್ ಹಿಡಿದು ಜೋರಾಗಿ ತಿರುಗಿಸಿ. ಆಮೇಲೆ ಓರೆ ಮಾಡಿ ನೋಡಿ. ಮಣಿಕಟ್ಟಿಗೇ ತಿಳಿಯುತ್ತೆ.

ಬೊಲೊನ್ಯಾ_ಹುಡುಗಿ
ನಾನು ಡುಕಾಟಿ ಊರಿನಲ್ಲಿ ಓದ್ತಿದೀನಿ, ಅದಕ್ಕೆ ಈ ಕಡೆಯ ಮಾತೂ ಒಂದು ಇರಲಿ. ಲಿಮಿಟೆಡ್‌ನಲ್ಲಿ ಎರಡು ಜಾತಿ ಇದೆ. ಡುಕಾಟಿಯ ಸ್ಟ್ರೀಟ್‌ಫೈಟರ್ ವಿ4 ಲ್ಯಾಂಬೋರ್ಗಿನಿ ನೋಡಿ. ಲ್ಯಾಂಬೋರ್ಗಿನಿಯ ಹುರಾಕಾನ್ ಎಸ್‌ಟಿಒ ಕಾರಿನ ಬಣ್ಣ, ಅದರ ವೀಲಿನ ವಿನ್ಯಾಸ. ಮಾಡಿದ್ದು 630. ಅದರ ಮೇಲೆ ಲ್ಯಾಂಬೋರ್ಗಿನಿ ಕಾರು ಇರೋರಿಗೇ ಅಂತ ಇನ್ನೂ 63, ಅವರ ಕಾರಿನ ಬಣ್ಣಕ್ಕೆ ಹೊಂದಿಸಿ. 63 ಯಾಕೆ ಅಂದರೆ ಆ ಕಂಪನಿ ಶುರುವಾಗಿದ್ದು 1963ರಲ್ಲಿ. ಎಂಜಿನ್ ಮಾತ್ರ ಮಾಮೂಲಿ ಸ್ಟ್ರೀಟ್‌ಫೈಟರಿನ ಅದೇ 1103 ಸಿಸಿ ವಿ4. ಚಂದ ಇದೆ, ನಿಜ. ಆದರೆ ಇಲ್ಲಿ ನಂಬರಿಗೇ ಜಾಸ್ತಿ ದುಡ್ಡು ಅಂತ ನನಗನ್ನಿಸುತ್ತೆ.

ಅದೇ ಕಂಪನಿಯ ಸ್ಟ್ರೀಟ್‌ಫೈಟರ್ ವಿ4 ಎಸ್‌ಪಿ ನೋಡಿ. ಅದಕ್ಕೂ ನಂಬರ್ ಕೆತ್ತುತ್ತಿದ್ದರು, ಆದರೆ ಇಷ್ಟೇ ಮಾಡ್ತೀವಿ ಅನ್ನೋ ಮಿತಿ ಇರಲಿಲ್ಲ. ಕಾರ್ಬನ್ ವೀಲ್ ಇದೆ. ಲೋಹವನ್ನ ಒತ್ತಿ ಮಾಡಿದ ಫೋರ್ಜ್ಡ್ ವೀಲಿಗಿಂತ 1.4 ಕೆಜಿ ಹಗುರ. ನಂಗೇನಾದ್ರೂ ಆರಿಸೋಕೆ ಹೇಳಿದರೆ ಎಸ್‌ಪಿ.

ಕೆರೆದಂಡೆ
ಇದೇ ನನ್ನ ಮಾತು! ಬಣ್ಣ ಬಳಿದ ಲಿಮಿಟೆಡ್ ಬೇರೆ, ವಸ್ತುವೇ ಬೇರೆಯಾದ ಲಿಮಿಟೆಡ್ ಬೇರೆ. ಸೀರಿಯೆ ಓರೋ ಹೆಸರಿನ ಹಿಂದೆ ಒಂದು ಕಥೆ ಇದೆ. ಮೊದಲು ಎಂವಿಯ ಎಫ್4 750, ಆಮೇಲೆ 2001ರಲ್ಲಿ ಮೊದಲ ಬ್ರುಟಾಲೆ. ಎರಡೂ 300ರಷ್ಟೇ. ಎರಡನ್ನೂ ರೂಪಿಸಿದ್ದು ಮಾಸಿಮೊ ತಂಬುರಿನಿ, ಅದಕ್ಕೂ ಮೊದಲು ಡುಕಾಟಿ 916 ಮಾಡಿದವರು. ಚಿನ್ನದ ಬಣ್ಣ ಬಳಿದಿದ್ದು ಯಾವುದಕ್ಕೆ ಗೊತ್ತಾ? ಹಿಂದಿನ ವೀಲ್ ಹಿಡಿಯೋ ಮೆಗ್ನೀಸಿಯಂ ತೋಳಿಗೆ (ಸ್ವಿಂಗ್‌ಆರ್ಮ್), ಫ್ರೇಮಿನ ಪಕ್ಕದ ಪ್ಲೇಟುಗಳಿಗೆ. ಆಮೇಲೆ ಬಂದ ಮಾಮೂಲಿ ಮಾಡೆಲ್‌ಗಳಲ್ಲಿ ಅದೇ ಭಾಗ ಅಲ್ಯೂಮಿನಿಯಂ ಆಯಿತು. ಅಂದರೆ ಎಲ್ಲಿ ಚಿನ್ನದ ಬಣ್ಣ ಕಂಡಿತೋ ಅಲ್ಲಿ ಲೋಹವೇ ಬೇರೆ ಇತ್ತು.

ಘಾಟಿ_ಸವಾರ
ಸರಿ, ವೀಲ್ ವಿಷಯ ಒಪ್ಪಿದೆ. ಆದರೆ ಮೂಲ ಪ್ರಶ್ನೆ ಹಾಗೇ ಇದೆ. ಫೇರಿಂಗ್ ಇಲ್ಲದ ಬೈಕಿಗೆ 208 ಎಚ್‌ಪಿ ಯಾಕೆ? ಇಟಲಿಯ ಆಟೋಸ್ಟ್ರಾಡಾ ಹೆದ್ದಾರಿಯಲ್ಲಿ ಮಿತಿ ಗಂಟೆಗೆ 130 ಕಿ.ಮೀ. ವೇಗ ಎರಡರಷ್ಟಾದರೆ ಗಾಳಿ ತಳ್ಳೋದು ನಾಲ್ಕರಷ್ಟು, ಅದನ್ನ ಸೀಳೋಕೆ ಬೇಕಾದ ಶಕ್ತಿ ಎಂಟರಷ್ಟು. ಆ ಗಾಳಿ ಪೂರ್ತಿ ಸವಾರನ ಎದೆಗೆ. ಕತ್ತು ಎಷ್ಟು ಹೊತ್ತು ತಡೆಯುತ್ತೆ ಹೇಳಿ. 208 ಸಿಗೋದೂ 13,000 ಆರ್‌ಪಿಎಂಗೆ. ರೋಡಿನಲ್ಲಿ ಅಲ್ಲಿಗೆ ಯಾರು ಹೋಗ್ತಾರೆ?

ಸ್ಪ್ಯಾನರ್_12
ಮೂರನೇ ಗೇರಲ್ಲೇ ಲೈಸೆನ್ಸ್ ಹೋಗುತ್ತೆ, ನೀವು ಹೇಳಿದ್ದು ಸರಿ. ಆದರೆ ಆ ಎಂಜಿನ್ 13,000ಕ್ಕೆ ಉಳಿಯಬೇಕು ಅಂತ ಒಳಗೆ ಹಾಕಿದ್ದು ಕೆಳಗಿನ ಆರ್‌ಪಿಎಂನಲ್ಲೂ ಕೆಲಸ ಮಾಡುತ್ತೆ. ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡ್ ಟೈಟಾನಿಯಂ. ವಾಲ್ವ್‌ಗಳನ್ನ ಸಮಾನಾಂತರ ಇಡದೆ ಬೀಸಣಿಗೆ ಥರ ಸ್ವಲ್ಪ ಹರಡಿ ಇಟ್ಟಿದಾರೆ, ರೇಡಿಯಲ್ ಅಂತಾರೆ. ಒಳಗೆ ಓಡಾಡೋ ಲೋಹ ಹಗುರ ಆದಷ್ಟೂ ಥ್ರಾಟಲ್ ತಿರುಗಿಸಿದ ತಕ್ಷಣ ಎಂಜಿನ್ ಏಳುತ್ತೆ, ಬಿಟ್ಟ ತಕ್ಷಣ ಇಳಿಯುತ್ತೆ. ಘಾಟಿಯಲ್ಲಿ ಬೇಕಾಗಿರೋದು ಅದೇ ಅಲ್ವಾ? ನಿಮ್ಮ ಹೆಸರಲ್ಲೇ ಘಾಟಿ ಇದೆ!

ಹಳೇ_ಗಾಡಿ
ಎಲ್ಲರೂ ಲೋಹದ ಬಗ್ಗೆ ಹೇಳ್ತಿದೀರಿ. ಸ್ಪೇರ್ ಬಗ್ಗೆ ಯಾರೂ ಹೇಳ್ತಿಲ್ಲ. ನನ್ನ ಹತ್ತಿರ ಒಂದು ಹಳೇ ಇಟಾಲಿಯನ್ ಬೈಕ್ ಇತ್ತು, ಕಂಪನಿ ಹೆಸರು ಬೇಡ. ಅಂಗೈಯಲ್ಲಿ ಹಿಡಿಯೋ ಒಂದು ಸೆನ್ಸರ್‌ಗೆ ಐದು ತಿಂಗಳು ಕಾದೆ. ಮಳೆಗಾಲ ಪೂರ್ತಿ ಬೈಕ್ ಹೊದಿಕೆ ಕೆಳಗೆ. ವಾರಕ್ಕೊಮ್ಮೆ ಹೊದಿಕೆ ತೆಗೆದು, ಒರೆಸಿ, ಮತ್ತೆ ಮುಚ್ಚುತ್ತಿದ್ದೆ. ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು ಮಾರಿದೆ.

ಎಂವಿ ಕೈ ಬದಲಾಯಿಸಿದ್ದು ಎಷ್ಟು ಸಲ ನೋಡಿ. 2008ರಲ್ಲಿ ಹಾರ್ಲೆ ತಗೊಂಡಿತು, 2010ರಲ್ಲಿ ಹಳೇ ಒಡೆಯರಾದ ಕಾಸ್ಟಿಲಿಯೋನಿ ಮನೆಯವರಿಗೇ ವಾಪಸ್. ಆಮೇಲೆ ಮರ್ಸಿಡಿಸ್-ಎಎಂಜಿ ಪಾಲು ತಗೊಂಡು ಹೊರಗೆ ಹೋಯಿತು. 2022ರಲ್ಲಿ ಕೆಟಿಎಂ ಬಂತು, 2024ರ ಕೊನೆಗೆ ಕೆಟಿಎಂಗೇ ಸಾಲ ಕತ್ತಿಗೆ ಬಂತು, ಎಂವಿ ಮತ್ತೆ ಕೆಟಿಎಂಗಿಂತ ಮೊದಲಿನ ಒಡೆಯರಾದ ಸರ್ದಾರೋವ್ ಕುಟುಂಬಕ್ಕೆ. ಭಾರತಕ್ಕೆ 2016ರಲ್ಲಿ ಕೈನೆಟಿಕ್ ಮೂಲಕ ಬಂದಾಗ ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು! ಇಂಥ ಕಂಪನಿಯ 300 ಬೈಕಿಗೆ ಮಾತ್ರ ಮಾಡಿದ ಭಾಗ ಒಡೆದರೆ ಇನ್ನು ಹತ್ತು ವರ್ಷಕ್ಕೆ ಎಲ್ಲಿ ಹುಡುಕೋದು? ಬೈಕ್ ಮೇಲಿನ ಪ್ರೀತಿಯಿಂದಲೇ ಕೇಳ್ತಿದೀನಿ.

ಕೆರೆದಂಡೆ
ಸರ್, ನಿಮ್ಮ ಬೈಕಿನ ವಿಷಯ ಓದಿ ಬೇಜಾರಾಯಿತು. ಈ ಭಯ ಸುಮ್ನೆ ಅಲ್ಲ. ನಾನೂ ಆ ಓನರನ್ನ ಇದನ್ನೇ ಕೇಳಿದೆ. ಎಂಜಿನ್ ಭಾಗ ಆರ್‌ಆರ್‌ಗೂ ಓರೋಗೂ ಒಂದೇ, ಅದರ ಚಿಂತೆ ಇಲ್ಲ ಅಂದರು. ಕಾರ್ಬನ್ ಭಾಗ ಬಿದ್ದು ಒಡೆದರೆ ಮಾತ್ರ ಕಷ್ಟ. ಅದಕ್ಕೇ ಮಳೆಯಲ್ಲಿ ತೆಗೆಯಲ್ಲವಂತೆ. ಬಿಸಿಲು ಇದ್ದ ದಿನ ಬಿಡಲ್ಲವಂತೆ.

ಘಾಟಿ_ಸವಾರ ಅವರೇ, ಆರ್‌ಆರ್ ಆರಾಮಾಗಿ ಮಾಡೋಕೆ ಆಗಿದ್ದು ಓರೋ ಮೊದಲು ಬಂದಿದ್ದಕ್ಕೆ ಅಂತ ನನ್ನ ನಂಬಿಕೆ. ಹೊಸ ಎಂಜಿನ್ನಿಗೆ ಮೊದಲು ದುಡ್ಡು ಕೊಟ್ಟು ನಂಬಿದವರು ಆ 300 ಜನ.

ಬೊಲೊನ್ಯಾ_ಹುಡುಗಿ
ಅದು ನಿಜ ಇರಬಹುದು. ಆದರೆ ಆ 300ರಲ್ಲಿ ಎಷ್ಟು ಬೈಕ್ ರೋಡ್ ನೋಡಿವೆ? ಸೊನ್ನೆ ಕಿಲೋಮೀಟರ್ ಅಂತ ಮಾರಾಟಕ್ಕೆ ಹಾಕಿರೋದನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ.

ಘಾಟಿ_ಸವಾರ
ನನ್ನ ಬೇಸರವೂ ಅದೇ. ಓಡಿಸೋರು ತಗೊಂಡರೆ ನನ್ನದೇನೂ ತಕರಾರಿಲ್ಲ. ಕೆರೆದಂಡೆ, ಒಂದು ಹೇಳಿ. ಹಿಂದಿನ ಟೈರ್ ನೋಡಿದ್ರಾ? ಬರೀ ನೆಟ್ಟಗೆ ಕಾಫಿಗೆ ಬರೋರ ಟೈರ್ ನಡುವೆ ಮಾತ್ರ ಸವೆದಿರುತ್ತೆ.

ಕೆರೆದಂಡೆ
ನೋಡಿದೆ. ಎರಡೂ ಅಂಚಿನವರೆಗೂ ಸವೆದಿತ್ತು. ಕಾಫಿ ಮುಗಿಸಿ ಕಾಂಪೊ ದೇಯ್ ಫಿಯೊರಿ ಬೆಟ್ಟದ ಕಡೆ ಹೊರಟರು. ಅವರು ಕಾಣದಾದ ಮೇಲೂ ತುಂಬಾ ಹೊತ್ತು ಗೇರ್ ಇಳಿಸೋ ಸದ್ದು ಕೇಳ್ತಾನೇ ಇತ್ತು.