ಡಕೋಟ ವಿಮಾನ ಮತ್ತು ಅದನ್ನು ನಡೆಸಿದವರು: ನೆನಪಿರುವವರು ದಯವಿಟ್ಟು ಬರೆಯಿರಿ

ಪ್ರಶ್ನೆ

ನಮ್ಮ ತಂದೆಯವರು 1950ರ ದಶಕದ ಆರಂಭದಲ್ಲಿ ಖಾಸಗಿ ವಿಮಾನ ಕಂಪನಿಯೊಂದರ ಸರಕು ವಿಭಾಗದಲ್ಲಿ ನೌಕರರಾಗಿದ್ದರು. ಅವರ ಕಾಗದಪತ್ರಗಳ ನಡುವೆ ಈಚೆಗೆ ಒಂದು ಛಾಯಾಚಿತ್ರ ಸಿಕ್ಕಿತು. ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಮೇಲೆತ್ತಿ ನಿಂತ ಎರಡು ಎಂಜಿನ್ನುಗಳ ಆ ವಿಮಾನ ಡಕೋಟ ಎಂಬುದರಲ್ಲಿ ಸಂದೇಹವಿಲ್ಲ. ಎಡಪಕ್ಕದಲ್ಲಿ ಎರಡು ಕದಗಳ ಅಗಲವಾದ ಬಾಗಿಲಿದೆ. ಬಾಲದ ಮೇಲಿನ ಬರಹ ಮಾತ್ರ ಮಾಸಿಹೋಗಿದೆ. ಅಂಥ ಬಾಗಿಲಿರುವುದರಿಂದ ಅದು ಸೇನೆಯ ವಿಮಾನವೇ ಇರಬೇಕೆಂದು ಮನೆಯಲ್ಲಿ ಕೆಲವರು ವಾದಿಸುತ್ತಾರೆ, ಆದರೆ ತಂದೆಯವರು ಎಂದೂ ಸೇನೆಯಲ್ಲಿದ್ದವರಲ್ಲ. ಇಂಡಿಯನ್ ಏರ್‌ಲೈನ್ಸ್ ಹುಟ್ಟುವ ಮೊದಲು ನಮ್ಮಲ್ಲಿ ಡಕೋಟಗಳನ್ನು ಯಾರು ಯಾರು ನಡೆಸುತ್ತಿದ್ದರು ಮತ್ತು ಅಷ್ಟೊಂದು ವಿಮಾನಗಳು ಎಲ್ಲಿಂದ ಬಂದವು ಎಂಬುದನ್ನು ಬಲ್ಲವರು ತಿಳಿಸಬೇಕು. ಅವುಗಳ ಮೇಲೆ ಕೆಲಸ ಮಾಡಿದವರು, ಅವುಗಳಲ್ಲಿ ಪ್ರಯಾಣ ಮಾಡಿದವರು ಯಾರಾದರೂ ಇದ್ದರೆ ತಮ್ಮ ನೆನಪುಗಳನ್ನೂ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ: ವಿಮಾನಯಾನ ಇತಿಹಾಸದ ಆಸಕ್ತರಿಂದ

ಅಗಲವಾದ ಬಾಗಿಲಿದ್ದ ಮಾತ್ರಕ್ಕೆ ಅದು ಸೇನೆಯ ವಿಮಾನವಾಗಬೇಕಿಲ್ಲ. ಡಗ್ಲಾಸ್ ಕಂಪನಿ ಪ್ರಯಾಣಿಕರಿಗಾಗಿಯೇ ತಯಾರಿಸಿದ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅಂಥವು ತಯಾರಾದದ್ದು ಕೆಲವು ನೂರು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಅದೇ ವಿಮಾನ ಸಿ-47 ಎಂಬ ಸೇನಾ ರೂಪದಲ್ಲಿ ಹತ್ತು ಸಾವಿರದಷ್ಟು ಸಂಖ್ಯೆಯಲ್ಲಿ ತಯಾರಾಯಿತು. ನಾವು ಡಕೋಟ ಎನ್ನುವುದು ಇದನ್ನೇ. ಜೀಪನ್ನೂ ಫಿರಂಗಿಯನ್ನೂ ಏರಿಸಲು ಅನುಕೂಲವಾಗುವಂತೆ ಅದಕ್ಕೆ ದೊಡ್ಡ ಬಾಗಿಲನ್ನು ಇಡಲಾಯಿತು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಭಾರತದಲ್ಲಿ ಬಿಟ್ಟುಹೋದ ಸಿ-47ಗಳು ಅಗ್ಗದ ಬೆಲೆಗೆ ಮಾರಾಟವಾದವು. ನಮ್ಮ ಕಂಪನಿಗಳು ಕೊಂಡದ್ದು ಬಹುಪಾಲು ಅವುಗಳನ್ನೇ. ಆದ್ದರಿಂದ ನಿಮ್ಮ ತಂದೆಯವರ ಕಂಪನಿಯ ವಿಮಾನಕ್ಕೆ ಆ ಬಾಗಿಲಿದ್ದುದು ಸಹಜವೇ ಆಗಿದೆ.

ಈ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಯುದ್ಧಕಾಲದಲ್ಲಿ ಅಮೆರಿಕದ ಸೇನೆ ತನ್ನ ದುರಸ್ತಿ ಕೇಂದ್ರವಾಗಿ ಬಳಸಿತು. ಅಲ್ಲಿ ಆ ವಿಮಾನಗಳ ಕಸುಬು ಕಲಿತ ನಮ್ಮವರೇ ಯುದ್ಧಾನಂತರ ಸೇನೆಯ ಡಕೋಟಗಳಿಂದ ಗೋಡೆಗಂಟಿಕೊಂಡ ತಗಡಿನ ಬೆಂಚುಗಳನ್ನು ಕಿತ್ತು, ಒಳಮೈ ಹೊದಿಸಿ, ಆಸನಗಳನ್ನು ಕೂರಿಸಿ, ಪ್ರಯಾಣಿಕರಿಗೆ ಸಜ್ಜುಗೊಳಿಸಿಕೊಟ್ಟರು. ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಂಪನಿಗಳ ವಿಷಯಕ್ಕೆ ಬಂದರೆ, ಏರ್ ಇಂಡಿಯಾ, ಇಂಡಿಯನ್ ನ್ಯಾಷನಲ್ ಏರ್‌ವೇಸ್, ಏರ್ ಸರ್ವೀಸಸ್ ಆಫ್ ಇಂಡಿಯಾ, ಭಾರತ್ ಏರ್‌ವೇಸ್, ಏರ್‌ವೇಸ್ ಇಂಡಿಯಾ, ಹಿಮಾಲಯನ್ ಏವಿಯೇಷನ್, ಕಳಿಂಗ ಏರ್‌ಲೈನ್ಸ್, ಡೆಕ್ಕನ್ ಏರ್‌ವೇಸ್ ಇವು 1953ರ ಆಗಸ್ಟ್ 1ರಂದು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನವಾದವು. ಹೊಸ ಸಂಸ್ಥೆಗೆ ಬಳುವಳಿಯಾಗಿ ಬಂದ ಡಕೋಟಗಳೇ 74. ಡೆಕ್ಕನ್ ಏರ್‌ವೇಸ್ ಹೈದರಾಬಾದಿನ ನಿಜಾಮ್ ಸರ್ಕಾರ ಮತ್ತು ಟಾಟಾ ಸೇರಿ ಕಟ್ಟಿದ ಕಂಪನಿ. ಬೇಗಂಪೇಟೆ ಅದರ ನೆಲೆ. ಬೇರೆ ಕಂಪನಿಗಳು ಹೆಣ್ಣೆಂಬ ಕಾರಣಕ್ಕೆ ಕೆಲಸ ನಿರಾಕರಿಸಿದ ಪ್ರೇಮ್ ಮಾಥುರ್ ಅವರನ್ನು ಪೈಲಟ್ ಆಗಿ ಸೇರಿಸಿಕೊಂಡದ್ದು ಈ ಡೆಕ್ಕನ್ ಏರ್‌ವೇಸ್.

ನಿಮ್ಮ ತಂದೆಯವರು ಸರಕು ವಿಭಾಗದಲ್ಲಿದ್ದರು ಎಂದಿರಿ. ಹಾಗಾದರೆ ರಾತ್ರಿ ಅಂಚೆಯ ಸಂಬಂಧ ಅವರಿಗೆ ಬಂದಿರಬಹುದು. ರಫಿ ಅಹಮದ್ ಕಿದ್ವಾಯಿ ಅವರು ಸಂಪರ್ಕ ಮಂತ್ರಿಯಾಗಿದ್ದಾಗ, 1949ರ ಜನವರಿ 30ರಂದು, ಈ ಸೇವೆ ಆರಂಭವಾಯಿತು. ದೆಹಲಿ, ಮುಂಬಯಿ, ಕಲಕತ್ತೆ, ಮದ್ರಾಸುಗಳಿಂದ ರಾತ್ರಿ ಹೊರಟ ವಿಮಾನಗಳು ನಡುರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಅಂಚೆ ಚೀಲಗಳೂ ಪ್ರಯಾಣಿಕರೂ ವಿಮಾನದಿಂದ ವಿಮಾನಕ್ಕೆ ಬದಲಾದ ಮೇಲೆ, ಅವು ಬಂದ ದಾರಿಯಲ್ಲೇ ಮರಳಿ ಬೆಳಗಾಗುವುದರೊಳಗೆ ತಮ್ಮ ತಮ್ಮ ಊರು ಮುಟ್ಟುತ್ತಿದ್ದವು. ರೇಡಾರ್ ನೆರವಿಲ್ಲದ ಆ ಕಾಲದಲ್ಲಿ, ಮಳೆಗಾಲದ ರಾತ್ರಿಗಳಲ್ಲಿಯೂ ಇದು ನಡೆಯುತ್ತಿತ್ತೆಂಬುದನ್ನು ಮರೆಯಬಾರದು.

ಎರಡನೆಯ ಉತ್ತರ: ವಾಯುಪಡೆಯ ನಿವೃತ್ತ ತಂತ್ರಜ್ಞರಿಂದ

ನಾನು ಜಾಲಹಳ್ಳಿಯಲ್ಲಿ ತರಬೇತಿ ಮುಗಿಸಿ ಯಲಹಂಕಕ್ಕೆ ಬಂದಾಗ ಡಕೋಟ ಆಗಲೇ ಹಳೆಯ ವಿಮಾನವಾಗಿತ್ತು. ಆದರೂ ನಮಗೆ ಎಂಜಿನ್ ಎಂದರೆ ಏನು ಎಂಬುದನ್ನು ಕಲಿಸಿದ್ದು ಅದೇ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್ನಿನಲ್ಲಿ ಎರಡು ಸುತ್ತುಗಳಾಗಿ ಜೋಡಿಸಿದ 14 ಸಿಲಿಂಡರುಗಳು, ಒಂದೊಂದು ಎಂಜಿನ್ನಿಗೆ 1,200 ಅಶ್ವಶಕ್ತಿ. ರಾತ್ರಿಯೆಲ್ಲ ನಿಂತ ವಿಮಾನದಲ್ಲಿ ಆಯಿಲ್ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ, ಒತ್ತಲಾಗದ ಆಯಿಲ್‌ಗೆ ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲ ಕೆಲಸವೆಂದರೆ ಪ್ರೊಪೆಲ್ಲರನ್ನು ಅಲಗು ಅಲಗಾಗಿ ಕೈಯಿಂದ ತಿರುಗಿಸುವುದು. ತಿರುಗಿಸುವಾಗ ಎಲ್ಲಿಯಾದರೂ ತಡೆದರೆ ಬಲ ಹಾಕುವಂತಿರಲಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಆಯಿಲ್ ಹರಿಯಬಿಡಬೇಕಿತ್ತು.

ನಾವು ಪ್ರಾಣದಂತೆ ಕಾಯುತ್ತಿದ್ದ ಇನ್ನೆರಡು ವಸ್ತುಗಳಿದ್ದವು. ಒಂದು, ನಿಂತ ವಿಮಾನದ ಚಕ್ರದ ಕಾಲುಗಳಿಗೆ ಹಾಕುವ ಪಿನ್ನುಗಳು. ಹೊರಡುವ ಮೊದಲು ಅವುಗಳನ್ನು ತೆಗೆಯದಿದ್ದರೆ ಚಕ್ರ ಒಳಗೆ ಹೋಗುವುದಿಲ್ಲ. ಇನ್ನೊಂದು, ಗಾಳಿಗೆ ಬಡಿದುಕೊಳ್ಳದಂತೆ ಚುಕ್ಕಾಣಿಗೂ ರೆಕ್ಕೆಯ ಅಂಚಿನ ಏಲರಾನುಗಳಿಗೂ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ಅಲುಗಾಡುವ ಹಲಗೆಗಳು) ಹೊರಗಿನಿಂದ ಸಿಕ್ಕಿಸುವ ಕಟ್ಟುಗಳು. ಇವುಗಳಲ್ಲಿ ಒಂದು ಉಳಿದುಬಿಟ್ಟರೂ ಮೇಲೇರಿದ ವಿಮಾನ ಪೈಲಟ್ ಮಾತು ಕೇಳುವುದಿಲ್ಲ. ಹೀಗಾಗಿ ಎಲ್ಲವನ್ನೂ ಕಳಚಿ, ಕೈಯಲ್ಲಿ ಎತ್ತಿ ಹಿಡಿದು ಪೈಲಟ್‌ಗೆ ತೋರಿಸಿದ ಮೇಲೆಯೇ ನಾವು ಪಕ್ಕಕ್ಕೆ ಸರಿಯುತ್ತಿದ್ದೆವು.

ಇಷ್ಟು ವರ್ಷ ಅದು ಬಾಳಿದ್ದೇಕೆ ಎಂದು ಅನೇಕರು ಕೇಳುತ್ತಾರೆ. ಅದರ ರೆಕ್ಕೆಯಲ್ಲಿ ಒಂದೇ ಒಂದು ತೊಲೆಯ ಮೇಲೆ ಭಾರ ಬೀಳದೆ ಹಲವು ತೊಲೆಗಳ ನಡುವೆ ಹಂಚಿಹೋಗುತ್ತದೆ. ಚಕ್ರಗಳು ಒಳಗೆ ಹೋದಾಗಲೂ ಅರ್ಧ ಹೊರಗೇ ಇರುವುದರಿಂದ, ಕಾಲು ಬಿಚ್ಚದೆ ಇಳಿಯಬೇಕಾಗಿ ಬಂದರೂ ಹೊಟ್ಟೆಗೆ ಹೆಚ್ಚು ಪೆಟ್ಟಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಒಳಗಿನ ಪ್ರತಿಯೊಂದು ಭಾಗಕ್ಕೂ ಸ್ಪ್ಯಾನರ್ ಹಿಡಿದ ಕೈ ತಲುಪುತ್ತಿತ್ತು. ದೂರದ ಯಾವುದೋ ಇಳಿದಾಣದಲ್ಲಿ ಕೆಟ್ಟು ನಿಂತರೂ ಇಬ್ಬರು ಮೂವರು ಅಲ್ಲಿಯೇ ಸರಿಪಡಿಸಿ ಹಾರಿಸಿಕೊಂಡು ಬರಬಹುದಾಗಿತ್ತು.

ಮೂರನೆಯ ಉತ್ತರ: ಮಂಗಳೂರಿನಿಂದ

ನಮ್ಮ ಬಜ್ಪೆ ವಿಮಾನ ನಿಲ್ದಾಣದ ಚರಿತ್ರೆಯೇ ಡಕೋಟದಿಂದ ಆರಂಭವಾಗುತ್ತದೆ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರು ಅವರು ಅದೇ ವಿಮಾನದಲ್ಲಿ ಬಂದಿಳಿದಾಗ ನಿಲ್ದಾಣ ತೆರೆಯಿತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ಜಾಗಕ್ಕೆ, ಸಣ್ಣ ಓಟದಲ್ಲಿ ಏರಿ ಇಳಿಯಬಲ್ಲ ಈ ವಿಮಾನ ಹೇಳಿ ಮಾಡಿಸಿದಂತಿತ್ತು.

ಆ ಕಾಲದಲ್ಲಿ ಡಕೋಟದಲ್ಲಿ ಮುಂಬಯಿಗೆ ಹೋಗಿಬಂದ ನಮ್ಮ ದೊಡ್ಡಮ್ಮ ಬಹಳ ವರ್ಷ ಅದನ್ನೇ ವರ್ಣಿಸುತ್ತಿದ್ದರು. ಹಿಂಬದಿಯ ಬಾಗಿಲಿನಿಂದ ಒಳಹೊಕ್ಕವರು ಏರು ದಾರಿಯಲ್ಲಿ ಹತ್ತಿದಂತೆ ಮುಂದಿನ ಆಸನಕ್ಕೆ ಹೋಗಬೇಕಿತ್ತು. ಕಿವಿಗೆ ಇಟ್ಟುಕೊಳ್ಳಲು ಹತ್ತಿ, ಬಾಯಿಗೆ ಪೆಪ್ಪರ್‌ಮೆಂಟ್ ಕೊಡುತ್ತಿದ್ದರು. ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲದ ಕಾರಣ ಮೋಡಗಳ ಮೇಲೇರಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಆಷಾಢದಲ್ಲಿ ಘಟ್ಟದ ಅಂಚಿನ ಮೋಡಗಳ ನಡುವೆಯೇ ಕುಲುಕಾಡುತ್ತ ಸಾಗಬೇಕಿತ್ತು. ವಾಂತಿಯಾಗದೆ ಬಂದವರು ಕಡಿಮೆ ಎನ್ನುತ್ತಿದ್ದರು. ಆದರೂ ಕಿಟಕಿಯಿಂದ ಕಾಣುತ್ತಿದ್ದ ಕರಾವಳಿಯ ಹೊಳೆಗಳನ್ನೂ ಅಳಿವೆಗಳನ್ನೂ ಅವರು ಒಂದೊಂದಾಗಿ ಹೆಸರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ತಗ್ಗಿನಲ್ಲಿ ಹಾರುವ ವಿಮಾನದಿಂದ ಮಾತ್ರ ಹಾಗೆ ನೋಡಲು ಸಾಧ್ಯ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬಾಗಿಲಿನ ವಿಷಯ ಮನೆಯವರಿಗೆ ಓದಿ ಹೇಳಿದೆ. ಕಳಿಂಗ ಏರ್‌ಲೈನ್ಸ್ ಹೆಸರು ತಂದೆಯವರ ಬಾಯಲ್ಲಿ ಆಗಾಗ ಬರುತ್ತಿತ್ತು. ಅದರ ಬಗ್ಗೆ ಇನ್ನಷ್ಟು ತಿಳಿಯಬಹುದೇ? ಡಕೋಟವನ್ನು ಇಂದು ಎಲ್ಲಿಯಾದರೂ ಕಣ್ಣಾರೆ ನೋಡಲು ಸಾಧ್ಯವೇ?

ನಾಲ್ಕನೆಯ ಉತ್ತರ: ಮಡಿಕೇರಿಯಿಂದ

ಕಳಿಂಗವನ್ನು ಸ್ಥಾಪಿಸಿದವರು ಬಿಜು ಪಟ್ನಾಯಕ್. ಅವರು ಸ್ವತಃ ಪೈಲಟ್. 1947ರ ಜುಲೈನಲ್ಲಿ ಡಚ್ಚರ ದಿಗ್ಬಂಧನವನ್ನು ಲೆಕ್ಕಿಸದೆ ಇಂಡೊನೇಷ್ಯಾಕ್ಕೆ ಡಕೋಟ ಹಾರಿಸಿ, ಅಲ್ಲಿನ ನಾಯಕ ಸುತಾನ್ ಶಾರಿರ್ ಅವರನ್ನು ಹೊರತಂದರು. ಅದೇ ತಿಂಗಳ 29ರಂದು ಔಷಧಿ ಹೊತ್ತು ಯೋಗ್ಯಕರ್ತಕ್ಕೆ ಬರುತ್ತಿದ್ದ ಅವರ ಇನ್ನೊಂದು ಡಕೋಟವನ್ನು ಡಚ್ ಯುದ್ಧವಿಮಾನಗಳು ಹೊಡೆದುರುಳಿಸಿದವು. ಮುಂದೆ ಈಶಾನ್ಯ ಗಡಿಯ ಕಣಿವೆಗಳಲ್ಲಿನ ಹೊರಠಾಣೆಗಳಿಗೆ ಅಕ್ಕಿ, ಉಪ್ಪು ಮುಂತಾದವನ್ನು ಆಕಾಶದಿಂದ ಎಸೆಯುವ ಕೆಲಸವನ್ನೂ ಕಳಿಂಗದ ಸಿಬ್ಬಂದಿ ಮಾಡಿದರು. ಬಾಗಿಲು ಕಳಚಿದ ವಿಮಾನದ ಅಂಚಿನಲ್ಲಿ ನಿಂತು ಮೂಟೆಗಳನ್ನು ಹೊರತಳ್ಳುವ ಆ ಕೆಲಸದಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ.

ಕೊಡಗಿನವನಾಗಿ ಒಂದು ವಿಷಯವನ್ನು ನಾನು ಹೇಳಲೇಬೇಕು. 1947ರ ಅಕ್ಟೋಬರ್ 27ರಂದು ಒಂದನೆಯ ಸಿಖ್ ಪಡೆಯನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಗಳು ಎಂಬುದು ಹಲವರಿಗೆ ಗೊತ್ತು. ಆ ಏರ್ಪಾಡಿನಲ್ಲಿ ವಾಯುಪಡೆಯ ಜೊತೆಗೆ ಖಾಸಗಿ ಕಂಪನಿಗಳ ವಿಮಾನಗಳೂ ಪೈಲಟ್‌ಗಳೂ ದುಡಿದದ್ದು ಅಷ್ಟಾಗಿ ಗೊತ್ತಿಲ್ಲ. ಮರುವರ್ಷ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಸುಮಾರು 11,000 ಅಡಿ ಎತ್ತರದ ಲೇಹ್‌ನಲ್ಲಿ, ಆತುರಾತುರವಾಗಿ ಸಿದ್ಧಪಡಿಸಿದ ಮರಳಿನ ಪಟ್ಟಿಯ ಮೇಲೆ ಡಕೋಟ ಇಳಿಸಿದಾಗ, ಜೊತೆಯಲ್ಲಿ ಕೂತು ಬಂದವರು ನಮ್ಮ ಜನರಲ್ ತಿಮ್ಮಯ್ಯನವರು. ಆ ದಾರಿಯಲ್ಲಿ ಹಿಂದೆ ಯಾರೂ ಹಾರಿರಲಿಲ್ಲ. ತಾನೇ ಕಳಿಸುವ ಸೈನಿಕರಿಗಿಂತ ಮೊದಲು ಸೇನಾನಿ ಆ ವಿಮಾನ ಹತ್ತಿದ್ದನ್ನು ನಾವು ಮಕ್ಕಳಿಗೆ ಹೇಳಬೇಕು.

ನೋಡುವುದಾದರೆ, ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ಒಂದು ಡಕೋಟ ಇದೆ. ಕಲಕತ್ತೆ ವಿಮಾನ ನಿಲ್ದಾಣದಲ್ಲಿ ದಶಕಗಳ ಕಾಲ ಪಾಳುಬಿದ್ದಿದ್ದ ಬಿಜು ಪಟ್ನಾಯಕರ ಡಕೋಟವನ್ನು 2023ರಲ್ಲಿ ಭುವನೇಶ್ವರಕ್ಕೆ ಸಾಗಿಸಿ, ಜೋಡಿಸಿ, ಅಲ್ಲಿನ ನಿಲ್ದಾಣದಲ್ಲಿ ನಿಲ್ಲಿಸಿದ್ದಾರೆ. ಹಾರುವ ಸ್ಥಿತಿಗೆ ಮರಳಿದ್ದು ‘ಪರಶುರಾಮ’: ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟ ಪೈಲಟ್ ಆಗಿದ್ದ ತಮ್ಮ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ ಅದನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಅದು ತನ್ನ ರೆಕ್ಕೆಗಳ ಮೇಲೆಯೇ ಭಾರತಕ್ಕೆ ಹಾರಿಬಂತು.

ನಿಮ್ಮ ಚಿತ್ರದ ಬಾಲವನ್ನು ಒಳ್ಳೆಯ ಸ್ಕ್ಯಾನರಿನಲ್ಲಿ ದೊಡ್ಡದು ಮಾಡಿ ನೋಡಿ. ‘ವಿಟಿ’ ಎಂಬ ಎರಡು ಅಕ್ಷರಗಳ ಗುರುತು ಕಂಡರೆ ಅದು ನಾಗರಿಕ ವಿಮಾನ. ಅದರ ಮುಂದಿನ ಮೂರು ಅಕ್ಷರಗಳಲ್ಲಿ ಒಂದೆರಡಾದರೂ ಓದಲು ಬಂದರೆ ಇಲ್ಲಿ ಬರೆಯಿರಿ, ಯಾವ ಕಂಪನಿಯದೆಂದು ಹುಡುಕಲು ನಾವು ಕೈಜೋಡಿಸುತ್ತೇವೆ.